ಸಡಿಲಿದ ಅಯಸ್ಕಾಂತ

ಹುಬ್ಬಳ್ಳಿಯಿಂದ ಗುಂತಕಲ್ಲಿನ ಕಡೆಗೆ ಸಾಗುವ ರೈಲುಮಾರ್ಗದಲ್ಲಿ, ಗದಗನ್ನು ಹಿಂದಿಕ್ಕಿ ಕೊಪ್ಪಳವನ್ನು ಮುಟ್ಟುವುದಕ್ಕೆ ಮುನ್ನ, ಎರೆಭೂಮಿಯ ಹರವಿನ ನಡುವೆ ತಳಕಲ್ ಎಂಬ ಊರು ಬರುತ್ತದೆ. 2025ರ ಮೇ ತಿಂಗಳಲ್ಲಿ ಇಲ್ಲಿಂದ ಕವಲೊಡೆದ ಹೊಸ ಹಳಿಯ ಮೇಲೆ ಕುಕನೂರು, ಯಲಬುರ್ಗಾಗಳನ್ನು ಹಾಯ್ದು ಕುಷ್ಟಗಿಯವರೆಗೆ ರೈಲು ಓಡತೊಡಗಿದಂದಿನಿಂದ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿದೆ. ಸರ್ಕಾರಿ ಇಂಜಿನಿಯರಿಂಗ್ ಕಾಲೇಜೊಂದು ಇಲ್ಲಿ ನೆಲೆಗೊಂಡಿರುವುದರಿಂದ ಪರಸ್ಥಳದ ತರುಣರಿಗೂ ಇದರ ಪರಿಚಯವುಂಟು. ನಾನು ಈಗ ಹೇಳಹೊರಟಿರುವ ವಿದ್ಯೆಯಾದರೋ ಈ ಸೀಮೆಯ ರಸ್ತೆಬದಿಯ ತಗಡಿನ ಚಾವಣಿಯ ರಿಪೇರಿ ಅಂಗಡಿಗಳಲ್ಲಿ, ಎಣ್ಣೆ ಹೀರಿ ಕಪ್ಪಾದ ನೆಲದ ಮೇಲೆ ಗೋಣಿತಟ್ಟು ಹಾಸಿ ಕುಳಿತವರ ಕೈಗಳಲ್ಲಿ ಉಳಿದು ಬಂದಿರುವಂಥದು.

ಈ ಅಂಗಡಿಗಳಿಗೆ ಇಂದಿಗೂ ಬರುವ ಹಳೆಯ ಯಂತ್ರಗಳಲ್ಲಿ ಸಣ್ಣ ಮೋಪೆಡ್ಡುಗಳದ್ದೇ ವಿಶೇಷ. 1972ರಲ್ಲಿ ಕೈನೆಟಿಕ್ ಸಂಸ್ಥೆಯವರ ಲೂನಾ, 1980ರಲ್ಲಿ ನಮ್ಮ ಗಡಿಗೆ ಹೊಂದಿಕೊಂಡ ಹೊಸೂರಿನಿಂದ ಹೊರಟ ಟಿವಿಎಸ್ 50, ಇವೆರಡೂ ಬಂದ ಮೇಲೆ ಉತ್ತರ ಕರ್ನಾಟಕದ ಒಕ್ಕಲುಮಕ್ಕಳ ಬದುಕಿನಲ್ಲಿ ಉಂಟಾದ ಪರಿವರ್ತನೆಯನ್ನು ಯಾರಾದರೂ ಸಾವಕಾಶವಾಗಿ ಬರೆಯಬೇಕು. ಹೊಲಕ್ಕೆ ಬುತ್ತಿ, ಸಂತೆಗೆ ಮೆಣಸಿನಕಾಯಿ ಚೀಲ, ಡೇರಿಗೆ ಹಾಲಿನ ಕ್ಯಾನು, ಎಮ್ಮೆಗೆ ಹಸಿಮೇವಿನ ಹೊರೆ, ಹೆರಿಗೆಗೆ ತವರಿಗೆ ಬಂದ ಮಗಳು, ಇವೆಲ್ಲವನ್ನೂ ಹೊತ್ತು ನಡೆದ ಆ ಐವತ್ತು ಸಿಸಿಯ ಯಂತ್ರಗಳು ಅನೇಕ ಮನೆಗಳಲ್ಲಿ ಇನ್ನೂ ಜೀವಂತವಾಗಿವೆ. ಅವುಗಳ ಬಿಡಿಭಾಗಗಳು ಮಾತ್ರ ಹುಬ್ಬಳ್ಳಿಯ ದೊಡ್ಡ ಅಂಗಡಿಗಳಲ್ಲಿಯೂ ಕೇಳಿದ ಕೂಡಲೇ ದೊರೆಯವು. ಇಂಥ ಯಂತ್ರದ ಗತಿಚಕ್ರದೊಳಗಿನ ಅಯಸ್ಕಾಂತ ಸಡಿಲಿತೆಂದರೆ ಒಡೆಯನಿಗೆ ಎರಡೇ ದಾರಿ: ಗುಜರಿಗೆ ಹಾಕುವುದು, ಇಲ್ಲವೆ ಕೂಡಿಸುವುದು. ಕೂಡಿಸುವ ಈ ವಿದ್ಯೆ ಹೊರನೋಟಕ್ಕೆ ಅಂಟು ಹಚ್ಚುವಷ್ಟೇ ಸುಲಭವೆಂದು ತೋರಿದರೂ, ವಸ್ತುತಃ ಇದರಲ್ಲಿ ಅಂಟಿನ ಪಾಲು ಅತ್ಯಲ್ಪವೆಂದೂ, ಅಂಟಿಗೆ ಮುಂಚಿನ ವಿಚಾರ ಮತ್ತು ಶುಚಿಯೇ ಇದರ ಬಹುಭಾಗವೆಂದೂ ನನಗೆ ಮನವರಿಕೆಯಾಗಿದೆ.

ಬ್ಯಾಟರಿಯಿಲ್ಲದ ಯಂತ್ರಕ್ಕೆ ಕಿಡಿ ಎಲ್ಲಿಂದ ಬರುತ್ತದೆ? 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ಸತ್ಯವೇ ಇಲ್ಲಿಯ ಮೂಲಾಧಾರ: ತಂತಿಯ ಸುರುಳಿಯ ಮೂಲಕ ಹಾಯುವ ಕಾಂತಪ್ರವಾಹದಲ್ಲಿ ವ್ಯತ್ಯಾಸವುಂಟಾದರೆ ಆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1902ರಲ್ಲಿ ಜರ್ಮನಿಯ ಬಾಷ್ ಕಾರ್ಖಾನೆಯ ಗಾಟ್ಲೋಬ್ ಹೊನೋಲ್ಡ್ ಎಂಬ ಇಂಜಿನಿಯರನು ಹೆಚ್ಚಿನ ಒತ್ತಡದ ಮ್ಯಾಗ್ನೆಟೋವನ್ನು ರೂಪಿಸಿದ ಮೇಲೆ ಪೆಟ್ರೋಲ್ ಯಂತ್ರಗಳಿಗೆ ನಂಬಿಗಸ್ತ ಕಿಡಿ ದೊರಕಿತು. 1920ರ ದಶಕದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ವಿಲಿಯರ್ಸ್ ಸಂಸ್ಥೆಯವರು ಮ್ಯಾಗ್ನೆಟೋವೆಂಬ ಪ್ರತ್ಯೇಕ ಪೆಟ್ಟಿಗೆಯನ್ನೇ ಕೈಬಿಟ್ಟು, ಅಯಸ್ಕಾಂತಗಳನ್ನು ಯಂತ್ರದ ಗತಿಚಕ್ರದೊಳಗೆ ಕೂರಿಸುವ ಪದ್ಧತಿಯನ್ನು ಬಳಕೆಗೆ ತಂದರು. ಸಣ್ಣ ಯಂತ್ರಗಳ ಮಟ್ಟಿಗೆ ಇದೊಂದು ಮಹೋಪಕಾರ. ಹೇಗಾದರೂ ಬೇಕೇಬೇಕಾದ ಚಕ್ರವೊಂದು ತಾನೇ ವಿದ್ಯುದಾಗಾರವಾಯಿತು. ಹಲ್ಲಿನ ಚಕ್ರವಿಲ್ಲ, ಸರಪಳಿಯಿಲ್ಲ, ಎಣ್ಣೆಯೂಡುವ ಗೊಡವೆಯಿಲ್ಲ. ನಮ್ಮ ಮಿಸ್ತ್ರಿಗಳು ಆ ಇಡೀ ಚಕ್ರವನ್ನೇ ‘ಮ್ಯಾಗ್ನೆಟ್’ ಎಂದು ಕರೆಯುತ್ತಾರೆ.

ಅಯಸ್ಕಾಂತದ ದ್ರವ್ಯವೂ ಈ ಅವಧಿಯಲ್ಲಿ ಬದಲಾಗುತ್ತ ಬಂದಿದೆ. 1917ರಲ್ಲಿ ಜಪಾನಿನ ಕೋತಾರೋ ಹೋಂಡಾ ಕೋಬಾಲ್ಟ್ ಬೆರೆತ ಉಕ್ಕಿನ ಅಯಸ್ಕಾಂತವನ್ನು ರೂಪಿಸಿದನು. 1931ರಲ್ಲಿ ಅದೇ ದೇಶದ ತೊಕುಶಿಚಿ ಮಿಶಿಮಾ ಕಬ್ಬಿಣ, ನಿಕಲ್, ಅಲ್ಯುಮಿನಿಯಮುಗಳ ಮಿಶ್ರಲೋಹದಿಂದ, ಮುಂದೆ ಆಲ್ನಿಕೋ ಎಂದು ಖ್ಯಾತವಾದ ವರ್ಗಕ್ಕೆ ಬುನಾದಿ ಹಾಕಿದನು. 1950ರ ದಶಕದ ಆರಂಭದಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಶಾಲೆಯಿಂದ ಫೆರೈಟ್ ಬಂದಿತು. ಬೇರಿಯಂ ಇಲ್ಲವೆ ಸ್ಟ್ರಾನ್ಷಿಯಂ ಸೇರಿದ ಕಬ್ಬಿಣದ ಆಕ್ಸೈಡನ್ನು ಸುಟ್ಟು ಮಾಡಿದ ಈ ಫೆರೈಟ್, ಗುಣದಲ್ಲಿ ಲೋಹಕ್ಕಿಂತ ಪಿಂಗಾಣಿಗೆ ಹತ್ತಿರ: ಅಗ್ಗ, ತುಕ್ಕು ಹಿಡಿಯದು, ಆದರೆ ಪೆಟ್ಟು ತಾಳದು. ಆಲ್ನಿಕೋ ತುಂಡುಗಳನ್ನು ಹಳೆಯ ಚಕ್ರಗಳಲ್ಲಿ ತಿರುಪಿನಿಂದಲೋ ರಿವೆಟ್ಟಿನಿಂದಲೋ ಬಿಗಿದಿರುವುದುಂಟು, ಕೆಲವುಗಳಲ್ಲಿ ಎರಕದೊಳಗೇ ಹುದುಗಿಸಿರುವುದುಂಟು. ಫೆರೈಟ್ ತುಂಡುಗಳನ್ನಾದರೋ ಬಹಳ ಕಡೆ ಉಕ್ಕಿನ ಬಟ್ಟಲಿನ ಒಳಗೋಡೆಗೆ ಅಂಟಿನಿಂದಲೇ ಕೂರಿಸಿರುತ್ತಾರೆ. ತಳಕಲ್ಲಿನ ಅಂಗಡಿಯಲ್ಲಿ ನಾನು ಕುಳಿತು ನೋಡಿದ ಚಕ್ರ ಈ ಎರಡನೆಯ ಬಗೆಯದು.

ಗಾಡಿಯ ಒಡೆಯ ಹೇಳಿದ ದೂರು ವಿಚಿತ್ರವಾಗಿತ್ತು. ಗಾಡಿ ನಿಧಾನಕ್ಕೆ ಓಡುವಾಗ ಎಡಗಡೆಯ ಮುಚ್ಚಳದೊಳಗೆ ಟಕಟಕನೆ ಸದ್ದು, ವೇಗ ಹೆಚ್ಚಿದೊಡನೆ ಸದ್ದಡಗುವುದು, ನಿಲ್ಲಿಸುವಾಗ ಮತ್ತೆ ಒಂದೆರಡು ಪೆಟ್ಟು. ಬೆಳಗಿನ ಹೊತ್ತು ಕಿಕ್ಕು ಹೊಡೆದೂ ಹೊಡೆದೂ ಕಾಲು ಸೋಲುವುದು. ಒಳಗಿನ ಬೇರಿಂಗ್ ಹೋಗಿದೆಯೆಂದು ಬೇರೆ ಕಡೆ ಹೇಳಿದ್ದರಂತೆ. ನಮ್ಮ ಮಿಸ್ತ್ರಿ ಮಾತ್ರ ಯಂತ್ರವನ್ನು ಬಿಚ್ಚುವುದಕ್ಕೆ ಮುಂಚೆಯೇ ಕಿವಿಗೊಟ್ಟು ಆಲಿಸಿ, “ಮ್ಯಾಗ್ನೆಟ್ ಕಳಚೇದರೀ ಸರ. ಹೊಸಾದು ಹಾಕೂಣಂದ್ರ ಸಾಮಾನು ಸಿಗಂಗಿಲ್ಲ. ಕೂಡಸೂಣು, ಆದ್ರ ಅವಸರ ಮಾಡಬ್ಯಾಡ್ರಿ” ಎಂದನು. ಬೇರಿಂಗಿನ ಸದ್ದು ವೇಗದೊಡನೆ ಏರುತ್ತದೆ; ಇದು ವೇಗದೊಡನೆ ಅಡಗುತ್ತದೆ. ಆತನ ರೋಗನಿದಾನಕ್ಕೆ ಇಷ್ಟು ಭೇದವೇ ಸಾಕಾಯಿತು.

ಈ ಭೇದದ ಕಾರಣವನ್ನು ಸ್ವಲ್ಪ ವಿವರಿಸಬೇಕು. ಅಯಸ್ಕಾಂತವು ಬಟ್ಟಲಿನ ಒಳಗೋಡೆಗೆ ಒರಗಿ ಕುಳಿತಿರುವಾಗ, ಚಕ್ರ ತಿರುಗಿದಂತೆಲ್ಲ ಅದು ಹೊರಕ್ಕೆ ಒತ್ತಲ್ಪಡುತ್ತದೆ. ಐವತ್ತು ಗ್ರಾಂ ತೂಕದ ತುಂಡೊಂದು ಕೇಂದ್ರದಿಂದ ಐದು ಸೆಂಟಿಮೀಟರ್ ದೂರದಲ್ಲಿದ್ದು, ಚಕ್ರವು ನಿಮಿಷಕ್ಕೆ 5000 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಂಡರೆ, ಆ ತುಂಡು ಗೋಡೆಯನ್ನು ಒತ್ತುವ ಬಲ ಸುಮಾರು ಎಪ್ಪತ್ತು ಕಿಲೋ ಭಾರಕ್ಕೆ ಸಮನಾಗುತ್ತದೆ. ಅಷ್ಟು ಬಲದಿಂದ ಅದುಮಿದ ತುಂಡು ಅಂಟು ಬಿಟ್ಟಿದ್ದರೂ ಅಲುಗಾಡದೆ ಕುಳಿತಿರಬಲ್ಲದು. ವೇಗ ಇಳಿದಾಗ ಒತ್ತುವ ಬಲವು ವೇಗದ ವರ್ಗದ ಪ್ರಮಾಣದಲ್ಲಿ ಕುಗ್ಗುತ್ತದೆ. ಅದೇ ವೇಳೆಗೆ ನಡುವೆ ಸ್ಥಿರವಾಗಿರುವ ಕಾಯಿಲಿನ ಕಬ್ಬಿಣದ ತುದಿಗಳು ತಮ್ಮೆದುರು ಹಾಯುವ ಪ್ರತಿಯೊಂದು ಅಯಸ್ಕಾಂತವನ್ನೂ ಒಳಕ್ಕೂ ಹಿಂದಕ್ಕೂ ಜಗ್ಗುತ್ತವೆ. ಸಡಿಲಿದ ತುಂಡು ಆಗ ಜರುಗುತ್ತದೆ, ಪಕ್ಕದ ತುಂಡಿಗೆ ಬಡಿಯುತ್ತದೆ, ಕೆಲವೊಮ್ಮೆ ಕಾಯಿಲಿನ ತುದಿಯನ್ನೇ ಉಜ್ಜುತ್ತದೆ. ವೇಗದಲ್ಲಿ ಸದ್ದಿಲ್ಲವೆಂದು ಒಡೆಯನು ಸಮಾಧಾನಪಟ್ಟು ತಿಂಗಳುಗಟ್ಟಲೆ ಓಡಿಸಿದರೆ, ಮೊದಲು ಅಂಟಿನಿಂದ ಮುಗಿಯಬಹುದಾಗಿದ್ದ ಕೆಲಸವು ಒಡೆದ ಅಯಸ್ಕಾಂತ ಮತ್ತು ಹರಿದ ಕಾಯಿಲಿನಲ್ಲಿ ಪರ್ಯವಸಾನವಾಗುತ್ತದೆ.

ಚಕ್ರವನ್ನು ಕಳಚುವುದರಲ್ಲಿಯೇ ಅರ್ಧ ಅನಾಹುತಗಳು ಅಡಗಿವೆ. ಗತಿಚಕ್ರವು ಓರೆಯಾಗಿ ಸವರಿದ ಅಕ್ಷದ ಮೇಲೆ ಬಿಗಿಯಾಗಿ ಕುಳಿತಿರುತ್ತದೆ. ಅದನ್ನು ಎಳೆಯಲು ಪುಲ್ಲರ್ ಎಂಬ ತಿರುಪಿನ ಸಾಧನವುಂಟು. ಅದಿಲ್ಲದವರು ಅಕ್ಷದ ತುದಿಗೆ ಸುತ್ತಿಗೆಯಿಂದ ಹೊಡೆಯುತ್ತಾರೆ, ಇಲ್ಲವೆ ಚಕ್ರದ ಅಂಚಿನಡಿ ಚಾಣ ತುರುಕಿ ಮೀಟುತ್ತಾರೆ. ಆ ಒಂದು ಪೆಟ್ಟಿನಿಂದ ಅಕ್ಷ ಬಾಗಬಹುದು, ಫೆರೈಟು ಸೀಳಬಹುದು, ಇನ್ನೂ ಗಟ್ಟಿಯಾಗಿದ್ದ ಮಿಕ್ಕ ತುಂಡುಗಳ ಅಂಟೂ ಬಿರಿಯಬಹುದು. ಅಯಸ್ಕಾಂತ ತಾನಾಗಿ ಸಡಿಲುವುದಕ್ಕಿಂತ ಹಿಂದಿನ ರಿಪೇರಿಯ ಸುತ್ತಿಗೆಯಿಂದ ಸಡಿಲುವುದೇ ಹೆಚ್ಚೆಂಬುದು ಮಿಸ್ತ್ರಿಯ ಅಭಿಪ್ರಾಯ. ನನಗೂ ಅದು ಯುಕ್ತವೆಂದೇ ತೋರುತ್ತದೆ. ಆಲ್ನಿಕೋ ಇರುವ ಪುರಾತನ ಚಕ್ರವಾದರೆ ಮತ್ತೊಂದು ಎಚ್ಚರ ಬೇಕು: ಕಾಯಿಲಿನ ಕಬ್ಬಿಣದಿಂದ ದೂರವಾಗಿ ಬಹುಕಾಲ ಬರಿದೆ ಬಿದ್ದಿದ್ದರೆ ಅದರ ಕಾಂತಶಕ್ತಿ ಕುಂದುತ್ತದೆ. ಆದ್ದರಿಂದ ಹಿಂದಿನ ಕಾಲದ ಕೆಲಸಗಾರರು ಚಕ್ರವನ್ನು ಕಳಚಿದೊಡನೆ ಅದರ ಧ್ರುವಗಳಿಗೆ ಅಡ್ಡಲಾಗಿ ಮೆತುಕಬ್ಬಿಣದ ತುಂಡೊಂದನ್ನು ಇಡುತ್ತಿದ್ದರು.

ಗೋಣಿತಟ್ಟಿನ ಮೇಲೆ ಆ ಬಟ್ಟಲನ್ನು ಅಂಗಾತ ಇಟ್ಟಾಗ ಕಂಡ ನೋಟ ಹೀಗಿತ್ತು. ಒಂದು ತುಂಡು ತನ್ನ ಸ್ಥಾನದಿಂದ ಬೆರಳಿನ ಅಗಲದಷ್ಟು ಜರುಗಿ ನೆರೆಯ ತುಂಡಿನ ಸಮೀಪಕ್ಕೆ ಹೋಗಿ ಓರೆಯಾಗಿ ನಿಂತಿತ್ತು. ಅದು ತೆರವು ಮಾಡಿದ ಜಾಗದಲ್ಲಿ ಹಳೆಯ ಅಂಟಿನ ಹಳದಿಗಪ್ಪು ಪದರ, ಅದರ ಅಂಚುಗಳಲ್ಲಿ ಉಕ್ಕಿನ ತುಕ್ಕು, ಅದೆಲ್ಲದರ ಮೇಲೆ ಎಣ್ಣೆಯಲ್ಲಿ ಕಲಸಿದ ಬೂದು ಪುಡಿ. ತುಂಡುಗಳ ಮೈಮೇಲೆ ಕಬ್ಬಿಣದ ಸಣ್ಣ ಸಣ್ಣ ಚೂರುಗಳು ನಿಮಿರಿ ನಿಂತಿದ್ದವು. ಮಿಸ್ತ್ರಿ ಆ ಎಣ್ಣೆಯನ್ನು ಬೆರಳಿನಿಂದ ತೊಡೆದು ಮೂಸಿ ನೋಡಿ, “ಪೆಟ್ರೋಲ್ ವಾಸನಿ ಐತ್ರಿ, ಸೀಲ್ ಸೋರಾಕತ್ತೇದ. ಮೊದಲ ಅದನ್ನ ಬದಲಿ ಮಾಡೂಣು” ಎಂದನು. ಎರಡು ಸ್ಟ್ರೋಕಿನ ಯಂತ್ರದಲ್ಲಿ ಪೆಟ್ರೋಲು ಮತ್ತು ಎಣ್ಣೆಯ ಮಿಶ್ರಣ ಅಕ್ಷದ ಕೋಣೆಯ ಮೂಲಕವೇ ಹಾಯುತ್ತದೆ. ಅಕ್ಷದ ಸುತ್ತಲಿನ ರಬ್ಬರಿನ ಸೀಲು ಸವೆದರೆ ಆ ಮಿಶ್ರಣ ಗತಿಚಕ್ರದೊಳಕ್ಕೆ ಸಿಡಿದು ವರ್ಷಗಳ ಕಾಲ ಅಂಟನ್ನು ನೆನೆಸುತ್ತ ಇರುತ್ತದೆ. ಸೀಲನ್ನು ಬಿಟ್ಟು ಅಯಸ್ಕಾಂತವನ್ನಷ್ಟೇ ಕೂಡಿಸುವವನು ಮುಂದಿನ ವರ್ಷ ಅದೇ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ. ಈ ಒಂದು ಮಾತಿಗಾಗಿಯೇ ಆ ಕೆಲಸಗಾರನ ಮೇಲೆ ನನಗೆ ಗೌರವ ಹುಟ್ಟಿತು. ಏಕೆ ಕಳಚಿತೆಂಬುದನ್ನು ತಿಳಿಯದೆ ಯಾವುದನ್ನೂ ಜೋಡಿಸಬಾರದೆಂಬ ವಿವೇಕ ಅವನ ಅಭ್ಯಾಸದಲ್ಲಿಯೇ ಬೆರೆತುಹೋಗಿದ್ದಿತು.

ಇನ್ನು ಸ್ಥಾನ ಮತ್ತು ಧ್ರುವದ ವಿಚಾರ. ಇಲ್ಲಿ ತಪ್ಪಿದರೆ ಎಷ್ಟು ಗಟ್ಟಿಯಾಗಿ ಅಂಟಿಸಿದರೂ ವ್ಯರ್ಥ. ಬಟ್ಟಲಿನ ಸುತ್ತ ಅಯಸ್ಕಾಂತಗಳು ಉತ್ತರ, ದಕ್ಷಿಣ, ಮತ್ತೆ ಉತ್ತರ, ಮತ್ತೆ ದಕ್ಷಿಣ ಎಂಬ ಕ್ರಮದಲ್ಲಿ ಒಂದು ಬಿಟ್ಟೊಂದು ಒಳಮುಖವಾಗಿರುತ್ತವೆ. ಉತ್ತರ ಧ್ರುವ ಹೋಗಿ ದಕ್ಷಿಣ ಧ್ರುವ ಬರುವ ಸಂಧಿಯಲ್ಲಿ ಕಾಯಿಲಿನ ಕಬ್ಬಿಣದೊಳಗಿನ ಕಾಂತಪ್ರವಾಹ ಥಟ್ಟನೆ ದಿಕ್ಕು ಬದಲಿಸುತ್ತದೆ; ಆಗ ದಪ್ಪ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಪರಾಕಾಷ್ಠೆಗೆ ಏರುತ್ತದೆ; ಸರಿಯಾಗಿ ಅದೇ ಗಳಿಗೆಗೆ ಪಾಯಿಂಟ್ ಎಂಬ ಸ್ವಿಚ್ಚು ತೆರೆದುಕೊಂಡು ಆ ಪ್ರವಾಹವನ್ನು ಕಡಿದರೆ, ಸಾವಿರಾರು ಸುತ್ತುಗಳ ತೆಳುತಂತಿಯಲ್ಲಿ ಹಲವು ಸಾವಿರ ವೋಲ್ಟುಗಳು ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರುತ್ತದೆ. ತುಂಡು ಜರುಗಿದ್ದರೆ ಪಾಯಿಂಟ್ ತೆರೆಯುವ ಹೊತ್ತಿಗೆ ವಿದ್ಯುತ್ತು ಇನ್ನೂ ಏರಿರುವುದಿಲ್ಲ, ಇಲ್ಲವೆ ಆಗಲೇ ಇಳಿದಿರುತ್ತದೆ. ತುಂಡನ್ನು ಹಿಂದುಮುಂದಾಗಿ ಕೂರಿಸಿದರಂತೂ ಉತ್ತರದ ಪಕ್ಕದಲ್ಲಿ ಉತ್ತರವೇ ಬಂದು, ಪ್ರವಾಹ ತಿರುವುಮುರುವಾಗುವುದಕ್ಕೆ ಆಸ್ಪದವೇ ಇಲ್ಲದೆ, ಕಿಡಿ ಕೆಂಪಗೆ ಬಡವಾಗುತ್ತದೆ, ದೀಪವೂ ಮಂಕಾಗುತ್ತದೆ.

ಆದ್ದರಿಂದ ತುಂಡನ್ನು ಕೀಳುವುದಕ್ಕೆ ಮುಂಚೆಯೇ ಗುರುತು ಹಾಕಬೇಕು. ಮಿಸ್ತ್ರಿ ಸಣ್ಣದೊಂದು ದಿಕ್ಸೂಚಿಯನ್ನು ಬಟ್ಟಲಿನೊಳಗೆ ಗೋಡೆಯುದ್ದಕ್ಕೂ ಸಾಗಿಸಿದನು. ಮುಳ್ಳಿನ ಕೆಂಪು ತುದಿ ಒಂದು ತುಂಡಿಗೆ ತಿರುಗಿ, ಮುಂದಿನದಕ್ಕೆ ಬೆನ್ನು ಹಾಕಿ, ಅದರ ಮುಂದಿನದಕ್ಕೆ ಮತ್ತೆ ತಿರುಗಿತು. ಪ್ರತಿಯೊಂದರ ಒಳಮುಖದ ಮೇಲೂ, ಅದಕ್ಕೆ ಎದುರಾಗಿ ಬಟ್ಟಲಿನ ಅಂಚಿನ ಮೇಲೂ ಬಣ್ಣದ ಚುಕ್ಕೆ ಬಿತ್ತು. ಜರುಗಿದ ತುಂಡಿನ ಮೂಲಸ್ಥಾನವನ್ನು ಹಳೆಯ ಅಂಟಿನ ಅಚ್ಚೇ ಹೇಳುತ್ತಿತ್ತು. ಆ ಅಚ್ಚನ್ನು ಕೆರೆಯುವುದಕ್ಕೆ ಮೊದಲು ಅದರ ಎರಡು ಅಂಚುಗಳನ್ನು ಬಟ್ಟಲಿನ ಹೊರಬಾಯಿಗೆ ಗೀಚಿ ಒಯ್ಯುವುದನ್ನು ಮರೆತರೆ, ಆಮೇಲೆ ಅಳತೆಪಟ್ಟಿಯ ಹೊರತು ಗತಿಯಿಲ್ಲ.

ಅನಂತರದ ಕೆಲಸವೆಲ್ಲ ಶುಚಿಯದು. ಹಳೆಯ ಅಂಟನ್ನು ಚೂಪು ಚಾಣದಿಂದ ಕೆರೆದು, ತುಕ್ಕನ್ನು ಎಮರಿ ಕಾಗದದಿಂದ ತಿಕ್ಕಿ, ಬೆಳ್ಳಗಿನ ಲೋಹ ಕಾಣುವವರೆಗೆ ಹೋಗಬೇಕು. ತುಂಡಿನ ಬೆನ್ನನ್ನೂ ಹಾಗೆಯೇ ಲಘುವಾಗಿ ಒರಟು ಮಾಡಬೇಕು. ಅಂಟಿಗೆ ನುಣುಪಾದ ಮೈಗಿಂತ ಸಣ್ಣ ಗೀರುಗಳುಳ್ಳ ಮೈ ಹಿತ. ಬಳಿಕ ಪೆಟ್ರೋಲಿನಿಂದ ತೊಳೆದರೆ ಸಾಲದು, ಪೆಟ್ರೋಲು ತನ್ನದೇ ಜಿಡ್ಡಿನ ಪದರವನ್ನು ಬಿಡುತ್ತದೆ. ಥಿನ್ನರಿನಿಂದಲೋ ಅಸಿಟೋನಿನಿಂದಲೋ, ಪ್ರತಿಸಲವೂ ಹೊಸ ಬಟ್ಟೆಯಿಂದ, ಬಟ್ಟೆಗೆ ಕೊಳೆ ಹತ್ತದಾಗುವವರೆಗೆ ಒರೆಸಬೇಕು, ಒರೆಸಿದ ಮೇಲೆ ಆ ಮೈಗೆ ಬೆರಳು ತಾಗಿಸಕೂಡದು. ತುಂಡಿಗೆ ಹತ್ತಿದ ಕಬ್ಬಿಣದ ಚೂರುಗಳು ಒರೆಸಿದರೆ ಹೋಗುವಂಥವಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಓಡಾಡುತ್ತವೆ. ಅವನ್ನು ಅಂಟುಪಟ್ಟಿಯಿಂದ ಒತ್ತಿ ಎತ್ತಬೇಕು. ತಳಕಲ್ಲಿಗೆ ದೂರವಲ್ಲದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಕೂಡಿಸಿ ಗೊಂಬೆ ಮಾಡುವುದನ್ನು ನೋಡಿದವರಿಗೆ ಈ ಶ್ರದ್ಧೆ ಹೊಸದಾಗಿ ಕಾಣದು. ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಅರೆದ ‘ಕಿಟ್ಟ’ವನ್ನು ಹಚ್ಚುವುದಕ್ಕೆ ಮುನ್ನ ಅವರೂ ಮರದ ಮೈಯನ್ನು ಅಣಿಗೊಳಿಸುವುದರಲ್ಲಿಯೇ ಹೆಚ್ಚು ಹೊತ್ತು ಕಳೆಯುತ್ತಾರೆ, ಕೂಡಿಕೆ ನಿಲ್ಲುವುದು ಅಣಿಯಾದ ಮೈಯ ಮೇಲೆ ಎಂಬುದು ಅಲ್ಲಿಯೂ ಇಲ್ಲಿಯೂ ಒಂದೇ.

ಅಂಟಿನ ಆಯ್ಕೆಯಲ್ಲಿ ಜನ ಸಾಮಾನ್ಯವಾಗಿ ಅವಸರಪಡುತ್ತಾರೆ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆ ಅರಾಲ್ಡೈಟ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದ ಎಪಾಕ್ಸಿ ಜಾತಿಯ ಅಂಟು ಇಂದು ಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿಯೂ ಸಿಗುತ್ತದೆ. ರಾಳ ಮತ್ತು ಗಟ್ಟಿಕಾರಕವೆಂಬ ಎರಡು ಕೊಳವೆಗಳು, ಸಮನಾಗಿ ಬೆರೆಸಬೇಕು. ಐದು ನಿಮಿಷದಲ್ಲಿ ಬಿಗಿಯುವ ಬಗೆಯನ್ನು ಈ ಕೆಲಸಕ್ಕೆ ಮುಟ್ಟಲೇಬಾರದು, ಅದರ ಹಿಡಿತವೂ ಕಡಿಮೆ, ತಾಪವನ್ನು ತಾಳುವ ಶಕ್ತಿಯೂ ಕಡಿಮೆ. ನಿಧಾನವಾಗಿ ಬಿಗಿಯುವ ಸಾಮಾನ್ಯ ಎಪಾಕ್ಸಿಯೂ 60ರಿಂದ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗತೊಡಗುತ್ತದೆ. ವೈಶಾಖದ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಹೊರೆ ಹೊತ್ತು ಏರುದಾರಿಯಲ್ಲಿ ಓಡುವ ಯಂತ್ರದ ಪಕ್ಕದಲ್ಲಿ ಆ ಮಟ್ಟ ದೂರವೇನಲ್ಲ. ಹೆಚ್ಚಿನ ಉಷ್ಣವನ್ನು ತಾಳುವುದೆಂದು ಪೊಟ್ಟಣದ ಮೇಲೆಯೇ ನಮೂದಿಸಿದ ಎಪಾಕ್ಸಿಗೆ ನಾಲ್ಕು ಕಾಸು ಹೆಚ್ಚು ಕೊಡುವುದೇ ವಿಹಿತ. ಗ್ಯಾಸಿನ ಬೆಂಕಿಯಿಂದ ಬೆಸುಗೆ ಹಾಕುವ ಯೋಚನೆಯನ್ನಂತೂ ಬಿಡಬೇಕು: ಸುಮಾರು 450 ಡಿಗ್ರಿಯಲ್ಲಿ ಫೆರೈಟು ತನ್ನ ಕಾಂತತ್ವವನ್ನು ಪೂರ್ತಿ ಕಳೆದುಕೊಳ್ಳುತ್ತದೆ.

ಅಂಟನ್ನು ತೆಳ್ಳಗೆ ಎರಡೂ ಮೈಗಳಿಗೆ ಸವರಿ ತುಂಡನ್ನು ಅದರ ಗೀಟಿಗೆ ಸರಿಯಾಗಿ ಇಳಿಸುವುದು ನಾಜೂಕಿನ ಕ್ಷಣ. ಉಕ್ಕಿನ ಗೋಡೆ ಅದನ್ನು ತಾನಾಗಿ ಸೆಳೆದುಕೊಳ್ಳುವುದರಿಂದ ಒತ್ತಿ ಹಿಡಿಯುವ ಶ್ರಮವಿಲ್ಲ. ಆದರೆ ಸೆಳೆತಕ್ಕೆ ಬಿಟ್ಟರೆ ಫಟ್ಟೆಂದು ಬಡಿದು ಅಂಚು ಚಕ್ಕೆ ಏಳುತ್ತದೆ, ಅಥವಾ ಬೆರಳು ನಡುವೆ ಸಿಕ್ಕಿ ರಕ್ತ ಬರುತ್ತದೆ. ಇಳಿಸಿದ ಮೇಲೆ ಅದು ಪಕ್ಕದ ತುಂಡಿನ ಆಕರ್ಷಣೆಗೆ ಮೆಲ್ಲಗೆ ಜರುಗುವ ಭಯ ಬೇರೆ. ಅದಕ್ಕಾಗಿ ಮಿಸ್ತ್ರಿ ಬೇವಿನ ಮರದ ಸಣ್ಣ ಬೆಣೆಗಳನ್ನು ಕೆತ್ತಿಟ್ಟುಕೊಂಡಿದ್ದನು. ಗಟ್ಟಿಯಾಗಿರುವ ಎರಡು ತುಂಡುಗಳ ನಡುವಿನ ಅಂತರವನ್ನು ಅಳೆದು, ಅದೇ ಅಂತರದ ಬೆಣೆಗಳನ್ನು ಹೊಸದಾಗಿ ಕೂರಿಸಿದ ತುಂಡಿನ ಎರಡೂ ಮಗ್ಗುಲಿಗೆ ಇಟ್ಟನು. ಬೆಣೆಗೆ ಅಂಟು ಹಿಡಿಯದಂತೆ ಮೇಣ ಸವರಿದ್ದನ್ನೂ ನಾನು ಗಮನಿಸಿದೆ. ಉಕ್ಕಿ ಬಂದ ಅಂಟನ್ನು ಆಗಲೇ ತೊಡೆದುಹಾಕಬೇಕು. ಒಣಗಿದ ಗಂಟು ಕಾಯಿಲಿಗೆ ತಾಗುತ್ತದೆ, ಚಕ್ರದ ಸಮತೋಲವನ್ನೂ ಕೆಡಿಸುತ್ತದೆ. ಬಟ್ಟಲನ್ನು ಒಂದು ಹಗಲು ಒಂದು ರಾತ್ರಿ ಅಲುಗಿಸದೆ ಇಟ್ಟು, ಮರುದಿನ ಬಿಸಿಲಿಗೆ ಒಡ್ಡಿದರೆ ಅಂಟು ಇನ್ನಷ್ಟು ಗಟ್ಟಿಗೊಳ್ಳುತ್ತದೆ. ನಮ್ಮ ಬಯಲುಸೀಮೆಯ ಬಿಸಿಲು ಈ ಒಂದು ಕೆಲಸಕ್ಕೆ ಪುಕ್ಕಟೆಯಾಗಿ ಒದಗುವ ಕುಲುಮೆ.

ಚಕ್ರವನ್ನು ಮರಳಿ ಏರಿಸುವಾಗ ಅಕ್ಷದ ಕೊರಕಲಿನಲ್ಲಿ ಕೂರುವ ಅರ್ಧಚಂದ್ರಾಕಾರದ ಕೀ ಸವೆದಿಲ್ಲವೆಂದು ನೋಡಬೇಕು. ಅದು ಕೂದಲೆಳೆಯಷ್ಟು ಕತ್ತರಿಸಿದ್ದರೂ ಕಿಡಿಯ ಹೊತ್ತು ತಪ್ಪುತ್ತದೆ. ಪಾಯಿಂಟಿನ ತೆರಪನ್ನು, ಸಾಮಾನ್ಯವಾಗಿ 0.35ರಿಂದ 0.45 ಮಿ.ಮೀ., ಹೊಸದಾಗಿ ಹೊಂದಿಸಬೇಕು. ಪ್ಲಗ್ಗನ್ನು ಕಳಚಿಟ್ಟು, ಚಕ್ರವನ್ನು ಕೈಯಿಂದ ಪೂರ್ತಿ ಸುತ್ತಿಸುತ್ತ ಎಲ್ಲಿಯಾದರೂ ಉಜ್ಜುವುದೋ ಎಂದು ಬೆರಳಿನಿಂದಲೂ ಕಿವಿಯಿಂದಲೂ ಪರೀಕ್ಷಿಸಿದ ಮೇಲೆಯೇ ಕಿಕ್ಕಿನ ಮಾತು.

ಎಲ್ಲ ಚಕ್ರಗಳೂ ಕೂಡಿಸಲು ಯೋಗ್ಯವಲ್ಲವೆಂಬುದನ್ನೂ ಹೇಳಬೇಕು. ನೇರವಾಗಿ ಎರಡು ಹೋಳಾದ ಫೆರೈಟು, ಹೋಳುಗಳು ಸರಿಯಾಗಿ ಹೊಂದಿದರೆ, ಕೆಲಸಕ್ಕೆ ಬಂದೀತು, ಪುಡಿಯಾದದ್ದು ಬಾರದು. ಬಟ್ಟಲಿನ ನಡುವಿನ ಗುಬ್ಬಿಯಲ್ಲಿ ಬಿರುಕಿದ್ದರೆ ಅದು ಓಟದ ನಡುವೆ ಸಿಡಿಯಬಲ್ಲದು. ಅಂಥದನ್ನು ಯಾವ ಅಂಟೂ ಉದ್ಧರಿಸದು. ಅಯಸ್ಕಾಂತಗಳನ್ನು ಹೊರಮೈಯಲ್ಲಿ ಹೊತ್ತ ಚಕ್ರಗಳ ವಿಷಯದಲ್ಲಿ ಬಲದ ದಿಕ್ಕೇ ತಿರುಗಿ, ನಾವು ಲೆಕ್ಕ ಹಾಕಿದ ಎಪ್ಪತ್ತು ಕಿಲೋ ತುಂಡನ್ನು ಗೋಡೆಗೆ ಒತ್ತುವುದಕ್ಕೆ ಬದಲಾಗಿ ಕಿತ್ತೆಸೆಯಲು ದುಡಿಯುತ್ತದೆ. ಅಲ್ಲಿ ತಿರುಪು, ರಿವೆಟ್ಟುಗಳೇ ಬೇಕು, ಬರಿಯ ಅಂಟನ್ನು ನಂಬುವುದು ಪ್ರಾಣಾಪಾಯ. ಈಚೆಗೆ ಅಗ್ಗವಾಗಿ ದೊರೆಯುವ ನಿಯೋಡಿಮಿಯಂ ಅಯಸ್ಕಾಂತವನ್ನು ಹಳೆಯದರ ಬದಲಿಗೆ ಅಂಟಿಸಿದರೆ ಕಿಡಿ ಹೆಚ್ಚೀತೆಂದು ನಂಬುವವರಿದ್ದಾರೆ. ಅದರ ಸಾಮಾನ್ಯ ಬಗೆಯು 80 ಡಿಗ್ರಿಯ ಆಸುಪಾಸಿನಿಂದಲೇ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಅಲ್ಲದೆ ಒಂದು ಧ್ರುವ ಮಾತ್ರ ಪ್ರಬಲವಾದರೆ ಕ್ರಮವೇ ಕೆಡುತ್ತದೆ.

ಇಷ್ಟೆಲ್ಲ ಬರೆಯುವಾಗ ನನ್ನ ಮನಸ್ಸಿನಲ್ಲಿ ಒಂದು ಕಳಕಳಿಯ ವಿಚಾರವಿದೆ. ಫ್ಯಾರಡೆಯ ನಿಯಮವನ್ನು ಕಪ್ಪುಹಲಗೆಯ ಮೇಲೆ ಓದುವ ವಿದ್ಯಾರ್ಥಿಗಳು ಇದೇ ಊರಿನಲ್ಲಿದ್ದಾರೆ. ಅದೇ ನಿಯಮವನ್ನು ದಿಕ್ಸೂಚಿಯ ಮುಳ್ಳಿನಿಂದಲೂ ಬೇವಿನ ಬೆಣೆಯಿಂದಲೂ ನಡೆಸುವ ಕೈಗಳೂ ಇದೇ ಸೀಮೆಯಲ್ಲಿವೆ. ಹಳೆಯ ಗತಿಚಕ್ರವೊಂದನ್ನು ಪ್ರಯೋಗಶಾಲೆಯ ಮೇಜಿನ ಮೇಲಿಟ್ಟು, ಅಂಥ ಮಿಸ್ತ್ರಿಯೊಬ್ಬನನ್ನು ಮರ್ಯಾದೆಯಿಂದ ಕರೆಸಿ, ವಿದ್ಯಾರ್ಥಿಗಳ ಕೈಯಿಂದಲೇ ಒಂದು ತುಂಡನ್ನು ಕೂಡಿಸಿದರೆ, ಬಲ, ಧ್ರುವ, ಉಷ್ಣ, ಸಂಧಿಕಾಲ ಇವೆಲ್ಲ ಪುಸ್ತಕದ ಬೇರೆ ಬೇರೆ ಅಧ್ಯಾಯಗಳಾಗಿ ಉಳಿಯದೆ ಒಂದೇ ವಸ್ತುವಿನಲ್ಲಿ ಕೂಡಿ ಕಾಣಿಸುತ್ತವೆ. ಇದಕ್ಕೆ ಹಣ ಬೇಕಿಲ್ಲ. ಗುಜರಿ ಅಂಗಡಿಯಲ್ಲಿ ಚಕ್ರಗಳಿಗೆ ಬರವಿಲ್ಲ. ಮಿಸ್ತ್ರಿಯ ತಲೆಮಾರಿನವರು ಇರುವಾಗಲೇ ಇದು ನಡೆಯಬೇಕು, ಏಕೆಂದರೆ ಅವರ ಮಕ್ಕಳು ಈ ಅಂಗಡಿಗಳಲ್ಲಿ ಕೂರುತ್ತಿಲ್ಲ.

ಗಾಡಿಯನ್ನು ಒಯ್ಯಲು ಬಂದ ಒಡೆಯನಿಗೆ ಮಿಸ್ತ್ರಿ ಒಂದು ಕರಾರು ಹಾಕಿದನು. “ಕಾಕಾ, ಹದಿನೈದು ದಿನ ಓಡಸ್ರಿ, ಆಮ್ಯಾಲ ಒಮ್ಮಿ ಗಾಡಿ ತೊಗೊಂಡು ಬರ್ರಿ. ಬಿಚ್ಚಿ ನೋಡ್ತೀನಿ. ಅದಕ್ಕ ರೊಕ್ಕ ಕೊಡೂದು ಬ್ಯಾಡ” ಎಂದನು. ಆ ಎರಡನೆಯ ನೋಟಕ್ಕೆ ಕಾರಣಗಳಿವೆ: ಸೀಲು ಇನ್ನೂ ಸೋರುತ್ತಿದ್ದರೆ ಅಷ್ಟರಲ್ಲಿ ಬಟ್ಟಲಿನೊಳಗೆ ಎಣ್ಣೆಯ ತೇವ ಕಾಣುತ್ತದೆ, ತುಂಡು ಉಜ್ಜುತ್ತಿದ್ದರೆ ಅದರ ಮುಖದ ಮೇಲೆ ಹೊಳೆಯುವ ಗೆರೆ ಮೂಡಿರುತ್ತದೆ, ಅಂಟಿನ ಅಂಚಿನಲ್ಲಿ ಬೂದು ಪುಡಿ ಸೇರಿದ್ದರೆ ತುಂಡು ಒಳಗೊಳಗೆ ಅಲುಗುತ್ತಿದೆಯೆಂದು ತಿಳಿಯಬೇಕು. ಮೂರರಲ್ಲಿ ಒಂದೂ ಇಲ್ಲದಿದ್ದರೆ ನಟ್ಟನ್ನು ಬಿಗಿದು ಮುಚ್ಚಳ ಹಾಕಬಹುದು.